ಚನ್ನಪಟ್ಟಣದ ಅರಗಿನ ಬಣ್ಣಗಳು

ಚನ್ನಪಟ್ಟಣದ ಮರದ ಆಟಿಕೆಗಳ ಬಣ್ಣಗಳಿಗೆ ಹೆಣ್ಣು ಗಂಡೆಂಬ ಭೇದವಿಲ್ಲ. ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಟಿಪ್ಪು ಸುಲ್ತಾನ್ ಈ ಕಸುಬಿಗೆ ನೆಲೆ ಒದಗಿಸಿದನೆಂಬುದು ಪ್ರಚಲಿತ ಐತಿಹ್ಯ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಪಾನಿನ ತಂತ್ರವನ್ನು ಇಲ್ಲಿಗೆ ಹೊಂದಿಸಿದವರು ಬಾವಾಸ್ ಮಿಯಾನ್.

ಹದವಾಗಿ ಒಣಗಿಸಿದ ಹಾಲೆ ಮರದ ತುಂಡನ್ನು ಚರಕಿಗೆ ಸಿಕ್ಕಿಸಿ ಕಡೆಯುತ್ತಾರೆ. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಮೇಲೆ ತಾಳೆ ಗರಿಯಿಂದ ತಿಕ್ಕಿದರೆ ಹೊಳಪು. ಅರಿಶಿನದಿಂದ ಹಳದಿ, ನೀಲಿ ಗಿಡದಿಂದ ನೀಲಿ, ಎರಡೂ ಬೆರೆತರೆ ಹಸಿರು, ಕಾಚಿನಿಂದ ಕಂದು. ಬಣ್ಣ ಯಾವುದೆಂದು ತೀರ್ಮಾನಿಸುತ್ತಿದ್ದುದು ಸಾಮಗ್ರಿಯೇ ಹೊರತು ಮಗುವಿನ ಲಿಂಗವಲ್ಲ. ಗಿಲಕಿ, ಬುಗುರಿ, ಎಳೆಯುವ ಬಂಡಿ ಎಲ್ಲಕ್ಕೂ ಒಂದೇ ಬಗೆಯ ಕೆಂಪು-ಹಳದಿ ಪಟ್ಟಿಗಳು.

ಗುಲಾಬಿ ಹುಡುಗಿಗೆ, ನೀಲಿ ಹುಡುಗನಿಗೆ ಎಂಬ ಹಂಚಿಕೆ ಪಾಶ್ಚಾತ್ಯ ಮಾರುಕಟ್ಟೆಯದು, ಅದೂ ಹಳೆಯದೇನಲ್ಲ. 1918ರಲ್ಲಿ ಅಮೆರಿಕದ ಉಡುಪು ವ್ಯಾಪಾರ ಪತ್ರಿಕೆಯೊಂದು ಗುಲಾಬಿಯನ್ನು ಹುಡುಗರಿಗೇ ಸೂಚಿಸಿತ್ತು! ಎರಡನೇ ಮಹಾಯುದ್ಧದ ನಂತರವಷ್ಟೇ ಈಗಿನ ಕ್ರಮ ಅಲ್ಲಿ ಗಟ್ಟಿಯಾಯಿತು.

ಚನ್ನಪಟ್ಟಣದ ಆಟಿಕೆಗಳಿಗೆ 2005-06ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ರಾಸಾಯನಿಕ ಬಣ್ಣಗಳೂ ಹೊಕ್ಕಿದ್ದ ಈ ಕಸುಬಿನಲ್ಲಿ, ಎಳೆಮಕ್ಕಳು ಬಾಯಿಗಿಟ್ಟುಕೊಳ್ಳುವ ವಸ್ತುಗಳೆಂಬ ಕಾರಣಕ್ಕೆ ಸಸ್ಯಜನ್ಯ ಬಣ್ಣಗಳಿಗೆ ಮತ್ತೆ ಬೇಡಿಕೆ ಬಂದಿದೆ. ಅದೇ ಅರಗಿನ ಬಳೆ, ಓಲೆಗಳೂ ಈಗ ಇಲ್ಲಿ ತಯಾರಾಗುತ್ತವೆ.