ಸರ್ಪಸುತ್ತು ತೋರಿಸಿದ ನಕ್ಷೆ

ಯಾದಗಿರಿ, ಶಹಾಪುರ, ಸುರಪುರ ಕಡೆ ಯಾರಿಗಾದರೂ ಸರ್ಪಸುತ್ತು ಎದ್ದರೆ ಮನೆಯವರು ಮೊದಲು ನೋಡುವುದು, ಹಾವಿನ ತಲೆ ಎಲ್ಲಿಗೆ ಬಂತು, ಬಾಲ ಎಲ್ಲಿದೆ ಎಂದು. ಎರಡೂ ಕೂಡಿದರೆ ಜೀವ ಉಳಿಯದು ಎಂಬ ಮಾತು ಕೇಳುತ್ತಲೇ ನಾವೂ ಬೆಳೆದೆವು. ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ ಕಾಯುತ್ತಾರೆ. ತಲೆ ಬಾಲ ಕೂಡುವುದಿಲ್ಲ. ಮಂತ್ರಕ್ಕೆ ಹೆಸರು ಬರುತ್ತದೆ.

ಕೂಡದಿರಲು ಕಾರಣ ನಮ್ಮ ಮೈಯೊಳಗೇ ಇದೆ. ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ, ಎಡಕ್ಕೊಂದು ಬಲಕ್ಕೊಂದು. ಹೆಚ್ಚುಕಡಿಮೆ ಪ್ರತಿ ನರಕ್ಕೂ ಚರ್ಮದ ಮೇಲೆ ತನ್ನದೇ ಪಟ್ಟಿ ಇದೆ. ಎಡದ ಪಟ್ಟಿ ಹೊಟ್ಟೆಯ ನಡುಗೆರೆಗೆ ಬಂದು ನಿಲ್ಲುತ್ತದೆ. ಸರ್ಪಸುತ್ತು ಸಾಮಾನ್ಯವಾಗಿ ಒಂದೇ ಬದಿಯ ಒಂದು ನರವನ್ನು ಹಿಡಿಯುವುದರಿಂದ ಅದೂ ಅಲ್ಲೇ ನಿಲ್ಲುತ್ತದೆ.

ಈ ಪಟ್ಟಿಗಳನ್ನು ಗುರುತಿಸುವುದು ಸುಲಭವಿರಲಿಲ್ಲ. ನಾರಾಯಣಪುರ ಕಾಲುವೆಯ ನೀರು ಪಕ್ಕದ ಹೊಲಕ್ಕೂ ಜಿನುಗುತ್ತದಲ್ಲ, ಹಾಗೆ ಒಂದು ನರದ ಪಟ್ಟಿಯೊಳಗೆ ಪಕ್ಕದ ನರವೂ ಹಬ್ಬಿರುತ್ತದೆ. ಒಂದನ್ನು ಕತ್ತರಿಸಿದರೂ ಚರ್ಮ ಜೋಮು ಹಿಡಿಯುವುದಿಲ್ಲ. 1890ರ ದಶಕದಲ್ಲಿ ಇಂಗ್ಲೆಂಡಿನ ಶೆರಿಂಗ್ಟನ್ ಮಂಗಗಳ ಮೇಲೆ ಉಲ್ಟಾ ದಾರಿ ಹಿಡಿದರು: ಒಂದು ನರ ಉಳಿಸಿ ಅದರ ಮೇಲಿನವು, ಕೆಳಗಿನವು ಕತ್ತರಿಸಿ, ಎಲ್ಲಿ ಸ್ಪರ್ಶ ಉಳಿಯಿತೆಂದು ನೋಡಿದರು. ಮನುಷ್ಯರ ಮೇಲೆ ಹಾಗೆ ಮಾಡಲಾದೀತೇ?

ಆ ಕೆಲಸ ಸರ್ಪಸುತ್ತೇ ಮಾಡಿಕೊಟ್ಟಿತು. ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರು ಸುಮಾರು 450 ರೋಗಿಗಳ ಗುಳ್ಳೆಗಳ ಜಾಗ ಚಿತ್ರಿಸಿಕೊಂಡರು. ಸತ್ತವರಲ್ಲಿ 21 ಮಂದಿಯ ಬೆನ್ನುನರ ತೆರೆದು, ಯಾವ ನರದ ಬುಡ ಕೆಟ್ಟಿದೆ ಎಂದು ಹೊಂದಿಸಿದರು. 1900ರಲ್ಲಿ ನಕ್ಷೆ ಪ್ರಕಟವಾಯಿತು. ಊರವರು ಹಾವು ಅಂದದ್ದನ್ನು ಅವರು ಗೆರೆ ಎಂದು ಓದಿದರು, ಅಷ್ಟೇ.

ಗುಳ್ಳೆ ಏಳುವುದೇಕೆ ಎಂಬುದಕ್ಕೆ ಸ್ಪಷ್ಟ ವಿವರಣೆ ಕೊಟ್ಟವರು ಹೋಪ್-ಸಿಂಪ್ಸನ್, ಇಂಗ್ಲೆಂಡಿನ ಸಣ್ಣ ಊರೊಂದರ ವೈದ್ಯರು. ಚಿಕ್ಕಂದಿನಲ್ಲಿ ಅಮ್ಮ ಬಂದಾಗ, ಅಂದರೆ ಚಿಕನ್‌ಪಾಕ್ಸ್ ಆದಾಗ, ಅದರ ವೈರಸ್ ನರದ ಬುಡದಲ್ಲಿ ಅಡಗಿ ಕೂರುತ್ತದೆ. ವಯಸ್ಸಾಗಿ ಶಕ್ತಿ ಕುಂದಿದಾಗ ಏಳುತ್ತದೆ ಎಂದು 1965ರಲ್ಲಿ ಅವರು ಬರೆದರು. ಈಗ ಇದಕ್ಕೆ ಅಸೈಕ್ಲೋವಿರ್ ಮಾತ್ರೆ ಇದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ನಮ್ಮಲ್ಲಿ ಆ ಮೂರು ದಿನ ಕೆಮ್ಮಣ್ಣಿನಲ್ಲೇ ಕಳೆಯುತ್ತವೆ. ಕಣ್ಣಿನ ಹತ್ತಿರ ಎದ್ದರಂತೂ ಒಂದು ದಿನವೂ ಕಾಯಬಾರದು, ದೃಷ್ಟಿಯೇ ಹೋಗಬಹುದು.

ಆ ನಕ್ಷೆಯನ್ನು ಮುಂದೆ ಬೇರೆಯವರು ತಿದ್ದಿದರು. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಡಾಕ್ಟರು ತಣ್ಣನೆಯ ಸ್ಪಿರಿಟ್ ಹತ್ತಿ ಮುಟ್ಟಿಸಿ "ತಂಪು ಗೊತ್ತಾಗತದೇನಮ್ಮ" ಎಂದು ಕೇಳುವುದು ಅದನ್ನು ನೆಚ್ಚಿಯೇ. ಹೊಕ್ಕುಳ ಮಟ್ಟಕ್ಕೆ ಎದೆಯ 10ನೇ ನರ, ಮೊಲೆತೊಟ್ಟಿನ ಮಟ್ಟಕ್ಕೆ 4ನೇದು. ಅಲ್ಲಿಯವರೆಗೆ ಜೋಮು ಏರಿದ ಮೇಲೆಯೇ ಚಾಕು ಹಿಡಿಯುತ್ತಾರೆ.