ಆಲ್ದೂರಿನ ಸುತ್ತಣ ಕಲ್ಲು ಮತ್ತು ಮಾತು

ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರನ್ನು ಕಾಫಿಯ ಊರೆಂದಷ್ಟೇ ಬಲ್ಲ ಪ್ರಯಾಣಿಕನಿಗೆ, ಈ ಮಲೆಸೀಮೆಯ ಚರಿತ್ರೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಐರೋಪ್ಯ ತೋಟಗಾರರಿಗಿಂತ ಎಷ್ಟೋ ಹಿಂದಿನದೆಂಬುದು ಸುಲಭವಾಗಿ ಹೊಳೆಯಲಾರದು. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹೊಯ್ಸಳರ ಮೂಲಸ್ಥಾನವೆನ್ನಲಾದ ಸೊಸೆವೂರು. ಈ ಪ್ರಾಂತದ ಶಾಸನಗಳನ್ನು ಬಿ. ಎಲ್. ರೈಸ್ ಮಹಾಶಯರು 1901ರಲ್ಲಿ ಅಂದಿನ ಕಡೂರು ಜಿಲ್ಲೆಯ ಸಂಪುಟವಾಗಿ ಮುದ್ರಿಸಿದರು. ಇನ್ನು ಕಾದಿ ಮಡಿದವರಿಗೆ ನಿಲ್ಲಿಸಿದ ವೀರಗಲ್ಲಿನ ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ: ಅಕ್ಷರವರಿಯದವನೂ ಓದಬಲ್ಲ ಬರಹವದು.

ಆದರೆ ತೋಟದ ಆಳುಗಳ ಲೈನುಮನೆಗಳಲ್ಲಿ ಬಾಳಿ ಅಳಿದವರಿಗೆ ಕಲ್ಲು ನಿಲ್ಲಿಸಿದವರಾರು? ಘಟ್ಟದ ಕೆಳಗಣ ತುಳುವರೂ ತೆಂಕಣ ತಮಿಳರೂ ದುಡಿದ ಗುರುತು ಕಲ್ಲಿನಲ್ಲಲ್ಲ, ಮೇಸ್ತ್ರಿ, ರೈಟರು, ಬಟವಾಡೆಗಳ ನಿತ್ಯದ ಮಾತಿನಲ್ಲಿದೆ. ಸಂತೆಯಲ್ಲಿ ಒಣಮೆಣಸಿನಕಾಯಿಯ ಚೌಕಾಸಿಗೆ ಈಗ ದುಡಿಯಲು ಬಂದ ಅಸ್ಸಾಮಿನವರ ಹಿಂದಿಯೂ ಕೂಡಿಕೊಂಡಿದೆ.