ಬೀಗ, ಲಸಿಕೆ, ಬೆಂಕಿ: ಬೈಕುಲ್ಲಾದ ಗಲ್ಲಾಪೆಟ್ಟಿಗೆ ಕಾಯ್ದವರ ಕತೆ

ಬೈಕುಲ್ಲಾ ಸ್ಟೇಷನ್ನಿನ ಸುತ್ತಮುತ್ತ ಈಗ ಗಲ್ಲಾಪೆಟ್ಟಿಗೆಗಳು ಮಾತನಾಡುತ್ತವೆ. ಗಿರಾಕಿ ಮೊಬೈಲ್ ಎತ್ತಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ ಮರುಗಳಿಗೆಗೆ, ಕೌಂಟರಿನ ಮೇಲಿನ ಪುಟ್ಟ ಡಬ್ಬಿ ಇಷ್ಟು ರೂಪಾಯಿ ಬಂತೆಂದು ಕೂಗಿ ಹೇಳುತ್ತದೆ. ತರಕಾರಿ ಮಾರುವವರು, ಇರಾನಿ ಹೋಟೆಲಿನವರು, ದಕ್ಷಿಣ ಕನ್ನಡದಿಂದ ಬಂದು ನೆಲೆಸಿದ ಉಡುಪಿ ಹೋಟೆಲಿನವರು, ಝೆರಾಕ್ಸ್ ಅಂಗಡಿಯವರು, ಎಲ್ಲರ ಬಳಿಯೂ ಈ ಡಬ್ಬಿ ಇದೆ. 2016ರ ಏಪ್ರಿಲ್ 11ರಂದು ಯುಪಿಐ ಆರಂಭವಾಯಿತು; ಅದೇ ವರ್ಷದ ನವೆಂಬರ್ 8ರಂದು ದೊಡ್ಡ ನೋಟುಗಳು ರದ್ದಾದವು. ತಲೆಮಾರುಗಳಿಂದ ನೋಟನ್ನು ಬೆಳಕಿಗೆ ಹಿಡಿದು ನೋಡಿ, ನಾಣ್ಯವನ್ನು ಕಲ್ಲಿನ ಮೇಲೆ ತಟ್ಟಿ ಪರೀಕ್ಷಿಸುತ್ತಿದ್ದ ವ್ಯಾಪಾರಕ್ಕೆ ಕೆಲವೇ ವರ್ಷಗಳಲ್ಲಿ ಕಣ್ಣಿಗೆ ಕಾಣದ ಹಣ ಬಂತು. ಅದರ ಹಿಂದೆಯೇ ಕಣ್ಣಿಗೆ ಕಾಣದ ಕಳ್ಳನೂ ಬಂದ.

ದೊಡ್ಡ ಕಂಪನಿಗೆ ಕಳ್ಳತನವಾದರೆ ಅದು ವರ್ಷದ ವರದಿಯಲ್ಲಿ ಒಂದು ಸಾಲು. ಸಣ್ಣ ಹೋಟೆಲಿನ ಖಾತೆ ಒಂದು ರಾತ್ರಿ ಬರಿದಾದರೆ ಮರುದಿನ ಹಾಲಿನವನಿಗೆ ಕೊಡಲು ದುಡ್ಡಿಲ್ಲ, ತಿಂಗಳ ಕೊನೆಗೆ ಕೆಲಸದ ಹುಡುಗರಿಗೆ ಸಂಬಳವಿಲ್ಲ. ಆದ್ದರಿಂದ ಸಣ್ಣ ವ್ಯಾಪಾರಿಯನ್ನು ಕಾಯುವುದು ಹೇಗೆಂಬುದು ಸಣ್ಣ ಪ್ರಶ್ನೆಯಲ್ಲ, ಹೊಸ ಪ್ರಶ್ನೆಯೂ ಅಲ್ಲ. ಕಂಪ್ಯೂಟರ್ ಭದ್ರತೆಯವರು ಬಳಸುವ ಮಾತುಗಳನ್ನೇ ಗಮನಿಸಿ: ಲಾಕ್, ಕೀ, ವೈರಸ್, ಫೈರ್‌ವಾಲ್. ಎಲ್ಲವೂ ಬೀಗದಿಂದ, ರೋಗದಿಂದ, ಬೆಂಕಿಯಿಂದ ತಂದ ಎರವಲು. ಈ ಮೂರರ ಚರಿತ್ರೆಯೂ ಬೈಕುಲ್ಲಾದಲ್ಲಿ, ಅಥವಾ ಅದರ ನೆರೆಯಲ್ಲೇ ಸಿಗುತ್ತದೆ.

ಮೊದಲು ಬೀಗ. ಬೈಕುಲ್ಲಾದಿಂದ ಉತ್ತರಕ್ಕೆ ಹೊರಟರೆ ಮುಂದಿನ ಸ್ಟೇಷನ್ ಚಿಂಚ್‌ಪೋಕ್ಲಿ. ಅಲ್ಲಿಂದ ಲಾಲ್‌ಬಾಗ್ ಕೂಗಳತೆ ದೂರ. ವಕೀಲಿಕೆ ಬಿಟ್ಟು, ಶಸ್ತ್ರಚಿಕಿತ್ಸೆಯ ಉಪಕರಣ ತಯಾರಿಸಲು ಹೋಗಿ ಕೈಸುಟ್ಟುಕೊಂಡಿದ್ದ ಅರ್ದೇಶಿರ್ ಗೋದ್ರೆಜ್ 1897ರಲ್ಲಿ ಬೀಗ ಮಾಡಲು ಶುರುಮಾಡಿದ್ದು ಅಲ್ಲಿನ ಗ್ಯಾಸ್ ಕಾರ್ಖಾನೆಯ ಪಕ್ಕದ ಒಂದು ಶೆಡ್ಡಿನಲ್ಲಿ. ಮುಂಬಯಿಯಲ್ಲಿ ಹೆಚ್ಚುತ್ತಿದ್ದ ಕಳ್ಳತನಗಳ ಬಗ್ಗೆ ಪತ್ರಿಕೆಯಲ್ಲಿ ಓದಿದ್ದು ಅದಕ್ಕೆ ಪ್ರೇರಣೆಯಾಯಿತು. ಕೆಲವೇ ವರ್ಷಗಳಲ್ಲಿ ತಿಜೋರಿಗಳೂ ಬಂದವು.

ಆದರೆ ಬೀಗದ ಮಿತಿ ಅದಕ್ಕೂ ಅರ್ಧ ಶತಮಾನದ ಹಿಂದೆಯೇ ಗೊತ್ತಾಗಿತ್ತು. 1851ರಲ್ಲಿ ಲಂಡನ್ನಿನ ಮಹಾ ವಸ್ತುಪ್ರದರ್ಶನದ ಹೊತ್ತಿಗೆ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಎಂಬ ಬೀಗದ ಕಸಬುದಾರ, ಯಾರೂ ತೆರೆಯಲಾರರೆಂದು ಹೆಸರಾಗಿದ್ದ ಚಬ್ ಬೀಗವನ್ನು ಅರ್ಧ ಗಂಟೆಯೊಳಗೆ ತೆರೆದ. ತೆರೆದವರಿಗೆ 200 ಗಿನಿ ಬಹುಮಾನವೆಂದು ಅಂಗಡಿಯ ಕಿಟಕಿಯಲ್ಲಿ ದಶಕಗಳಿಂದ ಸವಾಲು ಹಾಕಿ ಕೂತಿದ್ದ ಬ್ರಾಮಾ ಬೀಗವನ್ನೂ ಹದಿನಾರು ದಿನಗಳಲ್ಲಿ ಬಿಡಿಸಿದ. ಬೀಗದ ದೋಷವನ್ನು ಬಹಿರಂಗಪಡಿಸಿದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತಲ್ಲವೇ ಎಂಬ ಆಕ್ಷೇಪ ಬಂತು. ಕಳ್ಳರಿಗೆ ಅದು ಮೊದಲೇ ಗೊತ್ತು, ಗೊತ್ತಿಲ್ಲದಿರುವುದು ಮಾಲೀಕನಿಗೆ ಎಂಬುದು ಹಾಬ್ಸ್‌ನ ವಾದ. ತಂತ್ರಾಂಶದ ದೋಷಗಳ ಕುರಿತು ಇಂದಿಗೂ ಅದೇ ಜಗಳ ನಡೆದಿದೆ.

ಎರಡನೆಯದು ಲಸಿಕೆ. ಲಾಲ್‌ಬಾಗಿನಲ್ಲಿ ಬೀಗದ ಕೆಲಸ ಶುರುವಾದ 1897ರಲ್ಲೇ ಮುಂಬಯಿ ಪ್ಲೇಗಿನಿಂದ ತತ್ತರಿಸುತ್ತಿತ್ತು. ಬೈಕುಲ್ಲಾದ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪ್ರಯೋಗಾಲಯ ಮಾಡಿಕೊಂಡಿದ್ದ ವಾಲ್ಡೆಮಾರ್ ಹಾಫ್‌ಕಿನ್ ಜನವರಿ 10ರಂದು ತನ್ನ ಲಸಿಕೆಯನ್ನು ಮೊದಲು ತಾನೇ ಚುಚ್ಚಿಸಿಕೊಂಡ. ಅದೇ ತಿಂಗಳ ಕೊನೆಗೆ ಬೈಕುಲ್ಲಾ ಜೈಲಿನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ, ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ಇದ್ದ ವ್ಯತ್ಯಾಸ ಕೆಲವೇ ದಿನಗಳಲ್ಲಿ ಕಂಡಿತು.

ಸುಮಾರು ತೊಂಬತ್ತು ವರ್ಷಗಳ ನಂತರ, 1986ರಲ್ಲಿ, ಲಾಹೋರಿನಲ್ಲಿ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದ ಇಬ್ಬರು ಸಹೋದರರು 'ಬ್ರೇನ್' ಎಂಬ ವೈರಸ್ ಬರೆದರು. ಐಬಿಎಂ ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಅದು. ಅವರು ಹೇಳಿದ ಕಾರಣವೂ ವ್ಯಾಪಾರದ್ದೇ: ತಮ್ಮ ತಂತ್ರಾಂಶವನ್ನು ಜನ ಪುಕ್ಕಟೆ ನಕಲು ಮಾಡುವುದನ್ನು ತಡೆಯಬೇಕಿತ್ತು. ವೈರಸ್ಸಿನೊಳಗೆ ತಮ್ಮ ಅಂಗಡಿಯ ವಿಳಾಸವನ್ನೂ, 'ಲಸಿಕೆ'ಗಾಗಿ ನಮ್ಮನ್ನು ಸಂಪರ್ಕಿಸಿ ಎಂಬರ್ಥದ ಮಾತನ್ನೂ ಸೇರಿಸಿದ್ದರು.

ಲಸಿಕೆ ಇದ್ದರೆ ಸಾಲದು, ಹಾಕಿಸಿಕೊಳ್ಳಬೇಕು. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ದೋಷಕ್ಕೆ ಪರಿಹಾರ ಬಿಡುಗಡೆ ಮಾಡಿತು. ಅದೇ ದೋಷವನ್ನು ಬಳಸಿಕೊಂಡು ವಾನಾಕ್ರೈ ದಾಳಿ ನಡೆದದ್ದು ಮೇ 12ರಂದು. ನಡುವೆ ಎರಡು ತಿಂಗಳ ಅವಕಾಶವಿತ್ತು. ಜೂನ್ 27ರಂದು ಬಂದ ನಾಟ್‌ಪೆಟ್ಯಾ ಹುಟ್ಟಿಕೊಂಡದ್ದು ಉಕ್ರೇನಿನ ಒಂದು ಲೆಕ್ಕಪತ್ರದ ತಂತ್ರಾಂಶದಿಂದ. ಅದು ಹಡಗು ಕಂಪನಿ ಮರ್ಸ್ಕ್‌ನ ಜಾಲಕ್ಕೆ ನುಗ್ಗಿ, ಮುಂಬಯಿ ಬಂದರಿನ ಎದುರು ದಡದ ಜೆಎನ್‌ಪಿಟಿಯ ಒಂದು ಟರ್ಮಿನಲ್ಲಿನ ಕೆಲಸ ನಿಲ್ಲಿಸಿತು. ಎಲ್ಲೋ ದೂರದ ಲೆಕ್ಕದ ಪುಸ್ತಕಕ್ಕೆ ತಗಲಿದ ರೋಗಕ್ಕೆ ಇಲ್ಲಿ ಕಂಟೇನರುಗಳು ಕಾದು ನಿಂತವು. ಕಂಪ್ಯೂಟರಿನ 'ಅಪ್‌ಡೇಟ್ ಮಾಡಿ' ಎಂಬ ಸೂಚನೆಯನ್ನು ನಾಳೆಗೆ ತಳ್ಳುವ ಅಂಗಡಿಯವರು ನೆನಪಿಡಬೇಕಾದ ತಿಂಗಳುಗಳಿವು.

ಬೀಗ, ಲಸಿಕೆ ಎರಡೂ ಹೊರಗಿನಿಂದ ಕೊಂಡು ತರುವಂಥವು. ವ್ಯಾಪಾರಿಗಳು ತಾವೇ ಕಂಡುಕೊಂಡಿದ್ದ ಇನ್ನೊಂದು ರಕ್ಷಣೆ ಇತ್ತು: ತಾಳೆ ನೋಡುವುದು. ಬೈಕುಲ್ಲಾದಿಂದ ದಕ್ಷಿಣಕ್ಕೆ ಕಾಲ್ಬಾದೇವಿ, ಮಾಂಡ್ವಿಯ ಪೇಟೆಗಳು ನಡೆಯುತ್ತಿದ್ದದ್ದು ಹುಂಡಿಯ ಮೇಲೆ. ಹುಂಡಿಯಲ್ಲಿ ಮೊತ್ತವನ್ನು ಒಮ್ಮೆ ಬರೆದು ಬಿಡುತ್ತಿರಲಿಲ್ಲ. ಸಾವಿರ ರೂಪಾಯಿ, ಅದರ ಅರ್ಧ ಐನೂರು, ಅದರ ಇಮ್ಮಡಿ ಎಂಬ ಧಾಟಿಯಲ್ಲಿ ಬರೆಯುತ್ತಿದ್ದರು. ಒಂದು ಅಂಕಿ ತಿದ್ದಿದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತಿತ್ತು. 'ಶಾಹಜೋಗ್' ಹುಂಡಿಯ ಹಣವನ್ನು ಪೇಟೆಯಲ್ಲಿ ಗುರುತಿರುವ ಮರ್ಯಾದಸ್ಥರಿಗೆ ಮಾತ್ರ ಕೊಡುತ್ತಿದ್ದರು. ಹುಂಡಿ ಕಳೆದುಹೋದರೆ 'ಪೇಠ್' ಎಂಬ ಎರಡನೇ ಪ್ರತಿ, ಅದೂ ಹೋದರೆ 'ಪರಪೇಠ್' ಎಂಬ ಮೂರನೇ ಪ್ರತಿ.

ಗಲ್ಲಾದ ಮೇಲಿನ ಮಾತನಾಡುವ ಡಬ್ಬಿ ಮಾಡುವುದೂ ಇದನ್ನೇ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ಅವನ ಕೈಯಲ್ಲಿರುವ ಸಾಕ್ಷಿ, ಅವನು ತಿದ್ದಬಹುದು. ಡಬ್ಬಿಗೆ ಬರುವ ಸುದ್ದಿ ಅವನ ಕೈಗೆ ಸಿಗದ ಇನ್ನೊಂದು ದಾರಿಯಿಂದ ಬರುತ್ತದೆ. ಎರಡೂ ತಾಳೆಯಾದರೆ ಮಾತ್ರ ಹಣ ಬಂದಂತೆ. ಆ ಕಿವಿ ಇಲ್ಲದಿದ್ದರೆ ಏನಾಗುತ್ತದೆಂಬುದು 2025ರ ಜನವರಿಯಲ್ಲಿ ಖಜುರಾಹೋದಲ್ಲಿ ಕಂಡಿತು. ರಾತ್ರೋರಾತ್ರಿ ಯಾರೋ ಅಂಗಡಿಗಳ, ಪೆಟ್ರೋಲ್ ಪಂಪಿನ ಕ್ಯೂಆರ್ ಕೋಡುಗಳ ಮೇಲೆ ತಮ್ಮ ಕೋಡು ಅಂಟಿಸಿ ಹೋಗಿದ್ದರು. ಬೆಳಿಗ್ಗೆ ಗಿರಾಕಿಗಳು ಕೊಟ್ಟ ಹಣ ಬೇರೆಯವರ ಖಾತೆಗೆ ಸೇರಿತು. ಬೀಗ ಮುರಿದಿರಲಿಲ್ಲ, ಯಾವ ಕಂಪ್ಯೂಟರಿಗೂ ವೈರಸ್ ತಗಲಿರಲಿಲ್ಲ.

ಬೀಗ ಮುರಿಯುವುದಕ್ಕಿಂತ ಬೀಗದ ಕೈಯನ್ನೇ ತನ್ನದಾಗಿಸಿಕೊಳ್ಳುವುದು ಸುಲಭ. 2018ರ ಡಿಸೆಂಬರ್ ಕೊನೆಯಲ್ಲಿ ಮುಂಬಯಿಯ ಒಬ್ಬ ಜವಳಿ ವ್ಯಾಪಾರಿಯ ಮೊಬೈಲಿಗೆ ಅಪರಾತ್ರಿ ಆರು ಮಿಸ್ಡ್ ಕಾಲ್ ಬಂದವು. ಬೆಳಿಗ್ಗೆ ನೋಡಿದರೆ ಸಿಮ್ ಸತ್ತಿತ್ತು. ಅದೇ ನಂಬರಿನ ಹೊಸ ಸಿಮ್ ಪಡೆದವರು 28 ವರ್ಗಾವಣೆಗಳಲ್ಲಿ 1.86 ಕೋಟಿ ರೂಪಾಯಿ ಸಾಗಿಸಿದ್ದರು. ಓಟಿಪಿ ಎಂಬ ಬೀಗದ ಕೈ ಬರುವ ನಂಬರೇ ಕಳ್ಳನ ಕೈಸೇರಿದ ಮೇಲೆ ಬ್ಯಾಂಕಿನ ತಿಜೋರಿ ಎಷ್ಟು ಗಟ್ಟಿಯಾಗಿದ್ದರೇನು? ಹಳೆಯ ಪೇಟೆಯ ಜಾಣತನ ಇಲ್ಲಿಯೂ ಬಳಕೆಗೆ ಬರುತ್ತದೆ: ಬ್ಯಾಂಕಿಗೆ ಕೊಟ್ಟ ನಂಬರನ್ನು ಬೋರ್ಡಿನ ಮೇಲೆ ಬರೆಸದಿರುವುದು, ದಿನದ ವರ್ಗಾವಣೆಗೆ ಮಿತಿ ಹಾಕಿಸುವುದು, ದೊಡ್ಡ ಮೊತ್ತಕ್ಕೆ ಇಬ್ಬರ ಒಪ್ಪಿಗೆ ಬೇಕೆಂದು ಕಟ್ಟು ಮಾಡುವುದು, ಲೆಕ್ಕದ ಒಂದು ಪ್ರತಿಯನ್ನು ಇಂಟರ್ನೆಟ್ಟಿಗೆ ತಾಗದ ಡ್ರೈವಿನಲ್ಲಿ ಪೇಠ್‌ನಂತೆ ಬೇರೆ ಕಡೆ ಇಡುವುದು, ಅಂಗಡಿ ತೆರೆದೊಡನೆ ತನ್ನ ಕೋಡಿಗೆ ತಾನೇ ಒಂದು ರೂಪಾಯಿ ಕಳಿಸಿ ನೋಡುವುದು. ಹಣ ಪಡೆಯಲು ಪಿನ್ ಬೇಕಿಲ್ಲ ಎಂಬುದನ್ನು ಗಲ್ಲಾದಲ್ಲಿ ಕೂರುವ ಪ್ರತಿಯೊಬ್ಬರಿಗೂ ಹೇಳಿಕೊಡುವುದು.

ಇಷ್ಟೆಲ್ಲ ಮಾಡಿದರೂ ಒಂದು ದಿನ ಬೆಂಕಿ ಬೀಳಬಹುದು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಹಡಗಿನಲ್ಲಿ ಹತ್ತಿಯೂ ಸ್ಫೋಟಕಗಳೂ ಒಟ್ಟಿಗೇ ಇದ್ದವು. ಮಧ್ಯಾಹ್ನ ಎರಡರ ಸುಮಾರಿಗೆ ಬೆಂಕಿ ಗೊತ್ತಾಯಿತು. ನಾಲ್ಕು ದಾಟುತ್ತಲೇ ಹಡಗು ಸ್ಫೋಟಿಸಿತು, ಅರ್ಧ ಗಂಟೆಯೊಳಗೆ ಮತ್ತೊಮ್ಮೆ. ನೂರಾರು ಜನ ಸತ್ತರು, ಅವರಲ್ಲಿ 66 ಮಂದಿ ಬೆಂಕಿ ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿ. ಅವರ ಸ್ಮಾರಕ ಬೈಕುಲ್ಲಾದ ಅಗ್ನಿಶಾಮಕ ದಳದ ಕೇಂದ್ರ ಕಚೇರಿಯಲ್ಲಿದೆ. ದೇಶದ ಅಗ್ನಿಶಾಮಕ ಸಪ್ತಾಹ ಅವರ ನೆನಪಿನಲ್ಲೇ ಏಪ್ರಿಲ್ 14ರಂದು ಶುರುವಾಗುತ್ತದೆ. ಆ ಬೆಂಕಿಯಲ್ಲೂ ತನ್ನ ತಿಜೋರಿಗಳೊಳಗಿನ ಕಾಗದಪತ್ರ ಸುಡಲಿಲ್ಲವೆಂದು ಗೋದ್ರೆಜ್ ಕಂಪನಿ ಹೇಳಿಕೊಳ್ಳುತ್ತದೆ. ಆದರೆ ತಿಜೋರಿ ಉಳಿಸುವುದು ಒಬ್ಬನ ಗಂಟನ್ನು. ಊರನ್ನು ಉಳಿಸಲು ಗಂಟೆ ಬಾರಿಸಿದೊಡನೆ ಓಡಿಬರುವ ದಳ ಬೇಕು.

ಕಂಪ್ಯೂಟರ್ ಲೋಕಕ್ಕೆ ಅಂಥ ದಳ ಬಂದದ್ದು ತಡವಾಗಿ. 1988ರಲ್ಲಿ ಮಾರಿಸ್ ವರ್ಮ್ ಹಾವಳಿಯ ನಂತರ ಅಮೆರಿಕದಲ್ಲಿ ಮೊದಲ ತುರ್ತು ತಂಡ ರೂಪುಗೊಂಡಿತು. ಭಾರತದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು, ಸರ್ಟ್-ಇನ್ 2004ರಲ್ಲಿ. ಬೀದಿಯ ಅಂಗಡಿಯವರು ಫೋನ್ ಮಾಡಬಹುದಾದ ಸಹಾಯವಾಣಿ ಬರಲು 2021ರವರೆಗೆ ಕಾಯಬೇಕಾಯಿತು. ಅದರ ಈಗಿನ ನಂಬರು 1930. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಹೋಗಿ ಕೊನೆಗೆ ಎಟಿಎಂನಲ್ಲಿ ನಗದಾಗುತ್ತದೆ. ದೂರು ಬಂದೊಡನೆ ಆ ದಾರಿಯ ಬ್ಯಾಂಕುಗಳಿಗೆ ಸುದ್ದಿ ಹೋಗಿ, ಹಣ ಇನ್ನೂ ಇರುವ ಖಾತೆಯಲ್ಲೇ ಅದನ್ನು ತಡೆಹಿಡಿಯಲಾಗುತ್ತದೆ. ಮೊದಲ ಗಂಟೆಗಳು ಕಳೆದರೆ ತಡೆಯಲು ಏನೂ ಉಳಿದಿರುವುದಿಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯೂ ಸಮಯವನ್ನೇ ಅಳತೆಗೋಲು ಮಾಡಿತು: ತಪ್ಪು ಬ್ಯಾಂಕಿನದೂ ಗ್ರಾಹಕನದೂ ಅಲ್ಲದಿದ್ದರೆ, 3 ಕೆಲಸದ ದಿನಗಳೊಳಗೆ ತಿಳಿಸಿದವನ ಮೇಲೆ ನಷ್ಟದ ಹೊಣೆ ಇಲ್ಲ. ಗ್ರಾಹಕನೇ ಮೋಸಹೋಗಿ ಗುಟ್ಟಿನ ಸಂಖ್ಯೆ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು.

ತಡವಾಗುವುದು ಅಜ್ಞಾನದಿಂದ ಮಾತ್ರವಲ್ಲ, ನಾಚಿಕೆಯಿಂದ ಕೂಡ. ಬರಿಗೈಯಲ್ಲಿ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ ಮಾಲೀಕರಾದವರು ಮುಂಬಯಿ ಕನ್ನಡಿಗರಲ್ಲಿ ಬಹಳ ಮಂದಿ. ಪೇಟೆಯಲ್ಲಿ ಅವರಿಗೆ ಸಾಲ ಹುಟ್ಟುತ್ತಿದ್ದದ್ದು ಮಾನದ ಮೇಲೆ. ಯಾವನೋ ಫೋನಿನಲ್ಲಿ ಮಾತನಾಡಿ ಟೋಪಿ ಹಾಕಿದನೆಂದು ಮಗನಿಗೆ ಹೇಳಲೂ ಅಂಥವರ ಬಾಯಿ ಬರುವುದಿಲ್ಲ. ಕಳ್ಳನಿಗೆ ಬೇಕಾದ ಸಮಯವನ್ನು ಕೊಡುವುದು ಆ ಮೌನ. ಅಂಗಡಿಗೆ ಬೆಂಕಿ ಬಿದ್ದಾಗ ಯಾರೂ ನಾಚಿಕೊಂಡು ಸುಮ್ಮನಿರುವುದಿಲ್ಲ, ಮೊದಲು ಕೂಗುತ್ತಾರೆ. ಬೆಂಕಿ ಯಾರ ತಪ್ಪಿನಿಂದ ಬಿತ್ತೆಂಬ ವಿಚಾರಣೆ ಆಮೇಲಿನದು.

ಹೋಟೆಲುಗಳ ಗಲ್ಲಾದ ಹಿಂದಿನ ಗೋಡೆಯಲ್ಲಿ, ದೇವರ ಪಟದ ಕೆಳಗೆ, ಗ್ಯಾಸಿನವನ, ಹಾಲಿನವನ, ಅಗ್ನಿಶಾಮಕದ ನಂಬರುಗಳ ಚೀಟಿ ಅಂಟಿಸುವ ರೂಢಿ ಹಳೆಯದು. ಅದರಲ್ಲಿ 101ರ ಕೆಳಗೆ 1930 ಎಂದು ದಪ್ಪಕ್ಷರದಲ್ಲಿ ಬರೆದಿಡಲು ಒಂದು ನಿಮಿಷ ಸಾಕು.